ಎಲ್ಕ್ ಬೇಟೆಗೆ ಗುಂಪಾಗಿ ಹೊರಡುವವರಿಗೆ: ಹೊರುವ ಲೆಕ್ಕ ಮೊದಲು, ಗುಂಡು ಆಮೇಲೆ

ಅಮೆರಿಕದ ಕೊಲೊರಾಡೊ ರಾಜ್ಯದ ಕಾಡಿಗೆ ಎಲ್ಕ್ (ಜಿಂಕೆ ಜಾತಿಯ ದೊಡ್ಡ ಪ್ರಾಣಿ) ಬೇಟೆಗೆಂದು ಹೋಗುವ ನಮ್ಮವರ ಗುಂಪುಗಳು ಪ್ರತಿ ವರ್ಷ ಒಂದೇ ಕಡೆ ಎಡವುತ್ತವೆ. ಪ್ರಾಣಿ ಸಿಗದೆ ಬರಿಗೈಲಿ ಬರುವುದು ಎಡವಟ್ಟಲ್ಲ. ಅಲ್ಲಿ ಪರವಾನಗಿ ಕೊಂಡ ಐವರಲ್ಲಿ ಹೆಚ್ಚುಕಮ್ಮಿ ಒಬ್ಬರಿಗಷ್ಟೇ ಎಲ್ಕ್ ಸಿಗುವುದು. ಕೆಲಸ ಕೆಡುವುದು ಸಿಕ್ಕ ಮೇಲೆ. ಸೂರ್ಯ ಮುಳುಗುವ ಹೊತ್ತಿಗೆ, ಗಾಡಿಯಿಂದ ನಾಲ್ಕು ಮೈಲಿ ದೂರದ ಕಣಿವೆಯಲ್ಲಿ ದೊಡ್ಡ ಗಂಡೊಂದು ಬೀಳುತ್ತದೆ. ಚಾಕು ಒಬ್ಬರ ಹತ್ತಿರ, ಟಾರ್ಚು ಇನ್ನೊಬ್ಬರ ಹತ್ತಿರ, ಮಾಂಸ ತುಂಬುವ ಚೀಲ ಕ್ಯಾಂಪಿನಲ್ಲಿ. "ಬೆಳಿಗ್ಗೆ ಬಂದು ನೋಡೋಣ" ಎಂದು ಹೋಗುತ್ತಾರೆ. ಬೆಳಿಗ್ಗೆ ತೊಡೆಯ ಕೀಲಿನ ಸುತ್ತ ಮಾಂಸ ಹಸಿರಾಗಿ ಹುಳಿ ವಾಸನೆ ಹೊಡೆಯುತ್ತಿರುತ್ತದೆ.

ಹಾಗಾಗಿ ಇಲ್ಲಿ ಯೋಜನೆಯನ್ನು ಹಿಂದಿನಿಂದ ಮುಂದಕ್ಕೆ ಹಾಕಿದ್ದೇನೆ: ಮಾಂಸ ಹೊರಗೆ ಬರುವ ದಾರಿ ಮೊದಲು, ಗುಂಡು ಆಮೇಲೆ. ಎರಡು ಮೂರು ಮನೆಯವರು ಸೇರಿ, ನಾಲ್ಕು ಮಂದಿ ಪರವಾನಗಿ ಹಿಡಿದು, ವೈಟ್ ರಿವರ್ ರಾಷ್ಟ್ರೀಯ ಅರಣ್ಯದಂಥ ಸಾರ್ವಜನಿಕ ಜಾಗದಲ್ಲಿ, ಅಕ್ಟೋಬರ್ ಕೊನೆ ಅಥವಾ ನವೆಂಬರ್‌ನ ರೈಫಲ್ ಸೀಸನ್ನಿಗೆ ಹೊರಡುತ್ತಾರೆ ಎಂದು ಇಟ್ಟುಕೊಂಡಿದ್ದೇನೆ. ಊರಿನಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದೀಚೆಗೆ ಬೇಟೆ ನಿಂತಿದೆ. ಕೊಡಗು, ಮಲೆನಾಡಿನ ಹಿರಿಯರ ಕತೆ ಕೇಳಿ ಬೆಳೆದವರೂ ಇಲ್ಲಿ ಹೊಸಬರೇ.

ಹಂತ 1: ಕಾಗದಪತ್ರ ಚಳಿಗಾಲದಲ್ಲೇ ಮುಗಿಯಲಿ

1949ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರಿಗೆ ಹಂಟರ್ ಎಜುಕೇಶನ್ ಕಾರ್ಡ್ (ಬೇಟೆಯ ತರಬೇತಿ ಮುಗಿಸಿದ್ದಕ್ಕೆ ಕೊಡುವ ಕಾರ್ಡು) ಇಲ್ಲದೆ ಕೊಲೊರಾಡೊದಲ್ಲಿ ಪರವಾನಗಿ ಇಲ್ಲ. ಬೇರೆ ರಾಜ್ಯದಲ್ಲಿ ಪಡೆದ ಕಾರ್ಡೂ ನಡೆಯುತ್ತದೆ. ಲಾಟರಿಯಲ್ಲಿ ಹಂಚುವ ಪರವಾನಗಿಗಳಿಗೆ ಅರ್ಜಿಯ ಗಡುವು ಏಪ್ರಿಲ್ ಮೊದಲ ವಾರದಲ್ಲಿ ಬರುತ್ತದೆ. ಕೆಲವು ರೈಫಲ್ ಸೀಸನ್ನುಗಳಿಗೆ ನೇರವಾಗಿ ಕೊಳ್ಳುವ ಪರವಾನಗಿ ಇರುತ್ತದಾದರೂ ನಿಯಮ ಬದಲಾಗುತ್ತಿರುತ್ತದೆ. ರಾಜ್ಯದ ವನ್ಯಜೀವಿ ಇಲಾಖೆಯಾದ ಕೊಲೊರಾಡೊ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಹೊರತರುವ ಆ ವರ್ಷದ ಬಿಗ್ ಗೇಮ್ (ದೊಡ್ಡ ಪ್ರಾಣಿಗಳ ಬೇಟೆ) ಪುಸ್ತಿಕೆಯನ್ನೇ ಓದಿ, ಗೆಳೆಯರ ಮಾತು ನಂಬಬೇಡಿ. ಗುಂಪಿನ ಎಲ್ಲರ ಪರವಾನಗಿಯೂ ಒಂದೇ ಯೂನಿಟ್ಟಿಗೆ (ಇಲಾಖೆ ಗುರುತಿಸಿದ ಬೇಟೆಯ ವಲಯ), ಒಂದೇ ಸೀಸನ್ನಿಗೆ ಇದೆಯೇ ಎಂದು ಒಬ್ಬರು ಕೂತು ತಾಳೆ ನೋಡಲಿ.

ವೀಸಾದ ಮೇಲಿರುವವರು ಇದನ್ನು ಎರಡು ಸಲ ಓದಿ. ಎಚ್-1ಬಿ, ಎಲ್-1, ಎಫ್-1ರಂಥ ವಲಸೆಯೇತರ ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ತೋಟೆಯನ್ನಾಗಲಿ ಹೊಂದುವುದು ಫೆಡರಲ್ ಕಾನೂನಿನಲ್ಲಿ ಅಪರಾಧ. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿ ಇದೆ. ಅಂದರೆ ಪರವಾನಗಿ ಕೈಗೆ ಬರುವ ಮೊದಲು ಗೆಳೆಯನ ರೈಫಲ್ಲನ್ನು ಹಿಡಿದು ಅಭ್ಯಾಸಕ್ಕೆ ಹೋಗುವುದೂ ಬೇಡ. ಸಂಶಯವಿದ್ದರೆ ವಕೀಲರನ್ನು ಕೇಳಿ. ಇದರ ಪರಿಣಾಮ ದಂಡಕ್ಕೆ ನಿಲ್ಲುವುದಿಲ್ಲ, ವೀಸಾದ ತನಕ ಹೋಗುತ್ತದೆ.

ಒಬ್ಬರ ಟ್ಯಾಗಿಗೆ (ಪರವಾನಗಿಯ ಜೊತೆ ಬರುವ, ಹೊಡೆದ ಪ್ರಾಣಿಗೆ ಕಟ್ಟುವ ಚೀಟಿ) ಇನ್ನೊಬ್ಬರು ಹೊಡೆಯುವಂತಿಲ್ಲ. ಅಣ್ಣ ಸುಸ್ತಾಗಿ ಕ್ಯಾಂಪಿನಲ್ಲಿ ಮಲಗಿದ್ದಾನೆ, ಅವನ ಪಾಲಿನದನ್ನು ತಮ್ಮ ಹೊಡೆದ ಎಂದರೆ ಇಬ್ಬರೂ ಸಿಕ್ಕಿಬೀಳುತ್ತಾರೆ. ದೊಡ್ಡ ಪ್ರಾಣಿಯ ಬೇಟೆಗೆ ಮಕ್ಕಳಿಗೆ 12 ವರ್ಷ ತುಂಬಿರಬೇಕು. 16ರ ಒಳಗಿನವರ ಜೊತೆಗೆ ದೊಡ್ಡವರೊಬ್ಬರು ಕಣ್ಣಿಗೆ ಕಾಣುವಷ್ಟು, ಕಿವಿಗೆ ಕೇಳುವಷ್ಟು ಹತ್ತಿರ ಇರಲೇಬೇಕು.

ಹಂತ 2: ಹೊರುವ ಲೆಕ್ಕ ಹಾಕಿ, ನಕ್ಷೆಯಲ್ಲಿ ಗೆರೆ ಎಳೆಯಿರಿ

ಬಲಿತ ಗಂಡು ಎಲ್ಕ್ ಸುಮಾರು 300 ಕೆಜಿ ತೂಗುತ್ತದೆ, ಹೆಣ್ಣು 225ರ ಆಸುಪಾಸು. ಮೂಳೆ ಬಿಡಿಸಿದರೂ ಗಂಡಿನಲ್ಲಿ 80ರಿಂದ 100 ಕೆಜಿ ಮಾಂಸ ಉಳಿಯುತ್ತದೆ. ಹತ್ತು ಸಾವಿರ ಅಡಿ ಎತ್ತರದಲ್ಲಿ, ಬಿದ್ದ ಮರಗಳನ್ನು ದಾಟುತ್ತ, ಆಫೀಸಿನಲ್ಲಿ ಕೂತು ದುಡಿಯುವ ಆರೋಗ್ಯವಂತರು ಹೊರಬಹುದಾದ್ದು ಒಂದು ಸಲಕ್ಕೆ 25 ಕೆಜಿ. ಅದರ ಮೇಲೆ ರೈಫಲ್, ನೀರು, ಜಾಕೆಟ್ಟು. ನಾಲ್ವರು ಸೇರಿ ತಲೆ, ಕೊಂಬಿನ ಸಮೇತ ಒಂದು ಗಂಡು ಎಲ್ಕನ್ನು ತರಲು ಎರಡು ಸುತ್ತು ಎಂದೇ ಇಟ್ಟುಕೊಳ್ಳಿ. ಒಬ್ಬರೇ ಆದರೆ ಎರಡು ದಿನ.

ಈಗ ಆನ್‌ಎಕ್ಸ್ ಹಂಟ್‌ನಂಥ ನಕ್ಷೆಯ ಆ್ಯಪ್ ತೆರೆದು, ಗಾಡಿ ನಿಲ್ಲಿಸುವ ಜಾಗದಿಂದ ಎರಡು ಮೈಲಿ ದೂರಕ್ಕೆ ಸುತ್ತಲೂ ಗೆರೆ ಎಳೆಯಿರಿ. ಅದರೊಳಗೂ ಗಾಡಿಗಿಂತ ಸಾವಿರ ಅಡಿ ಕೆಳಗಿರುವ ಕಮರಿಗಳನ್ನು ಹೊಡೆದುಹಾಕಿ. ಉಳಿದದ್ದೇ ನಿಮ್ಮ ಗುಂಡು ಹಾರಿಸುವ ವಲಯ. ಎಲ್ಕ್ ಎಷ್ಟೇ ಚೆನ್ನಾಗಿ ನಿಂತಿರಲಿ, ಆ ಗೆರೆಯಾಚೆ ಇದ್ದರೆ ಫೋಟೊ ತೆಗೆದು ಬನ್ನಿ. ಈ ಎರಡು ಮೈಲಿ ಕಾನೂನೇನಲ್ಲ, ನನ್ನ ಅಂದಾಜು. ನಿಮ್ಮಲ್ಲಿ ಗಟ್ಟಿಗರಿದ್ದರೆ ಹಿಗ್ಗಿಸಿ, ಮೊಣಕಾಲು ನೋವಿನವರಿದ್ದರೆ ಕುಗ್ಗಿಸಿ. ಗೆರೆ ಮಾತ್ರ ಮನೆಯಲ್ಲೇ ಎಳೆಯಬೇಕು, ಪ್ರಾಣಿ ಕಣ್ಣೆದುರು ನಿಂತಾಗ ಯಾರ ಬುದ್ಧಿಯೂ ಲೆಕ್ಕಕ್ಕೆ ಕೂರುವುದಿಲ್ಲ.

ತಳ್ಳುಗಾಡಿ ಇದೆ ಎಂದು ನಂಬಿ ಹೋಗುವವರೂ ಇದ್ದಾರೆ. ಫ್ಲಾಟ್ ಟಾಪ್ಸ್‌ನಂಥ ಘೋಷಿತ ವೈಲ್ಡರ್‌ನೆಸ್ (ಕಾನೂನಿನಿಂದ ಕಾಡಾಗಿಯೇ ಕಾಪಾಡಿದ) ಪ್ರದೇಶದೊಳಗೆ ಮೋಟಾರಿಲ್ಲದ ಚಕ್ರದ ಗಾಡಿಗೂ ಪ್ರವೇಶವಿಲ್ಲ. ಕುದುರೆಯ ಮೇಲೆ ಮಾಂಸ ಹೊರಿಸಿ ತರುವ ನೋಂದಾಯಿತ ಔಟ್‌ಫಿಟರ್‌ಗಳು ಸುತ್ತಲ ಊರುಗಳಲ್ಲಿ ಸಿಗುತ್ತಾರೆ. ದರ ಎಷ್ಟು, ಎಷ್ಟು ಗಂಟೆಯೊಳಗೆ ಬರಬಲ್ಲರು ಎಂದು ಸೀಸನ್ನಿಗೆ ಮೊದಲೇ ಕೇಳಿ ನಂಬರು ಬರೆದಿಟ್ಟುಕೊಳ್ಳಿ. ಎಲ್ಕ್ ಬಿದ್ದ ಮೇಲೆ ಮೊದಲ ಸಲ ಕರೆ ಮಾಡಿದವರಿಗೆ ಕುದುರೆ ಸಿಗುವುದು ಅಪರೂಪ.

ಹಂತ 3: ಸಾಮಾನು ಪ್ರತಿ ಜೋಡಿಯ ಬೆನ್ನಿಗೂ

ಎಲ್ಲ ಒಬ್ಬರ ಚೀಲದಲ್ಲಿದ್ದು ಆ ಒಬ್ಬರು ಬೇರೆ ಗುಡ್ಡದಲ್ಲಿದ್ದರೆ ಇದ್ದೂ ಇಲ್ಲದ ಹಾಗೆ. ಜೋಡಿಗೊಂದು ಪೂರ್ತಿ ಕಿಟ್ ಬೇಕು:

- ಬ್ಲೇಡ್ ಬದಲಾಯಿಸುವ ಚಾಕು ಒಂದು, ಗಟ್ಟಿ ಅಲಗಿನ ಚಾಕು ಒಂದು, ಹತ್ತು ಬ್ಲೇಡು
- ಗಾಳಿಯಾಡುವ ಬಟ್ಟೆಯ ಮಾಂಸದ ಚೀಲ ಆರು
- ಕೈಗವಸು ನಾಲ್ಕು ಜೊತೆ, ಹಗುರವಾದ ಟಾರ್ಪಾಲು, 15 ಮೀಟರ್ ನೈಲಾನ್ ಹಗ್ಗ
- ತಲೆಗೆ ಕಟ್ಟುವ ಟಾರ್ಚು ಆಳಿಗೆ ಎರಡು, ಜೊತೆಗೆ ಬ್ಯಾಟರಿ
- ಗುರುತಿಗೆ ಕಟ್ಟುವ ಬಣ್ಣದ ಪಟ್ಟಿ, ಪರವಾನಗಿ ಕಟ್ಟಲು ದಾರ, ಪೆನ್ನು
- ಸೊಂಟದ ಪಟ್ಟಿ ಇರುವ, ಚೌಕಟ್ಟಿನ ಬೆನ್ನುಚೀಲ
- ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಸಂದೇಶ ಕಳಿಸುವ ಉಪಗ್ರಹ ಸಾಧನ

ಗಾಡಿಯಲ್ಲಿ ದೊಡ್ಡ ಐಸ್‌ಬಾಕ್ಸುಗಳಿರಲಿ, ಹಾಲಿನ ಕ್ಯಾನುಗಳಲ್ಲಿ ನೀರು ತುಂಬಿ ಗಡ್ಡೆಕಟ್ಟಿಸಿದ ಐಸೂ ಇರಲಿ. ಗಾಡಿಯ ಚಕ್ರಕ್ಕೆ ಕಟ್ಟುವ ಚೈನು, ಸಲಿಕೆ ಇಲ್ಲದೆ ಹೊರಡಬೇಡಿ, ಅಕ್ಟೋಬರಿನಲ್ಲೇ ಮೊಣಕಾಲುದ್ದ ಹಿಮ ಬೀಳುವುದುಂಟು. ಕೊಡಲಿ, ಗರಗಸ ಮಾಂಸ ಬಿಡಿಸಲು ಬೇಕಿಲ್ಲ. ಕಸದ ಪ್ಲಾಸ್ಟಿಕ್ ಚೀಲ ಮಾತ್ರ ಬೇಡವೇ ಬೇಡ, ಬಿಸಿ ಮಾಂಸವನ್ನು ಅದರಲ್ಲಿ ಕಟ್ಟಿದರೆ ಕಾಡಿನಲ್ಲೇ ಕೊಳೆಯಲು ಶುರುವಾಗುತ್ತದೆ.

ಹಂತ 4: ರೈಫಲ್ ಮತ್ತು ದೇಹ

ಎಲ್ಕಿಗೆ ಕನಿಷ್ಠ .24 ಕ್ಯಾಲಿಬರಿನ (ನಳಿಗೆ ಅಗಲ ಇಂಚಿನಲ್ಲಿ) ಸೆಂಟರ್‌ಫೈರ್ (ತೋಟೆಯ ತಳದ ನಡುವಿಗೆ ಬಡಿದು ಸಿಡಿಸುವ) ರೈಫಲ್ ಬೇಕೆಂಬುದು ನಿಯಮ. .270, .308, .30-06 ಯಾವುದಾದರೂ ಸಾಕು. ಬೆಂಚಿಗೆ ಆನಿಸಿ ಹೊಡೆದ ಗುರಿಯನ್ನು ನಂಬಬೇಡಿ. ಕೂತು, ಮಂಡಿಯೂರಿ, ಬೆನ್ನುಚೀಲಕ್ಕೆ ಆನಿಸಿ, ಊಟದ ತಟ್ಟೆಯಷ್ಟು ಅಗಲದ ಗುರಿಗೆ ಐದಕ್ಕೆ ಐದೂ ಬೀಳುವ ದೂರ ಎಷ್ಟೋ ಅದೇ ನಿಮ್ಮ ಮಿತಿ. ಹೊಸಬರಿಗೆ ಅದು ಬಹುತೇಕ 200 ಗಜದೊಳಗೆ ಇರುತ್ತದೆ, ಅಷ್ಟು ಸಾಕೂ ಸಾಕು.

ಜೂನ್‌ನಿಂದಲೇ ವಾರಾಂತ್ಯ ಅಕ್ಕಿಮೂಟೆ ಹೊತ್ತು ಗುಡ್ಡ ಹತ್ತಿ ಇಳಿಯಿರಿ. ಜಿಮ್ಮಿನ ಓಟ ಇಳಿಜಾರಿನಲ್ಲಿ ಭಾರ ಹೊತ್ತ ಮೊಣಕಾಲಿಗೆ ನೆರವಾಗುವುದಿಲ್ಲ.

ಹಂತ 5: ಕ್ಯಾಂಪಿಗೆ ಎರಡು ದಿನ ಮೊದಲೇ

ತಗ್ಗಿನ ಊರುಗಳಿಂದ ಬಂದವರಿಗೆ ಎತ್ತರ ಒಗ್ಗಲು ಸಮಯ ಬೇಕು. ತಲೆನೋವು, ಓಕರಿಕೆ, ನಿದ್ದೆ ಬಾರದಿರುವುದು ಮೊದಲ ಲಕ್ಷಣ. ನೀರು ಕುಡಿದು, ವಿಶ್ರಾಂತಿ ಪಡೆದು, ಮೇಲೆ ಹತ್ತದೆ ಇರಿ. ಕೂತಲ್ಲೇ ಏದುಸಿರು, ಗುಳುಗುಳು ಕೆಮ್ಮು, ತೂರಾಡುವ ನಡಿಗೆ, ತೊದಲು ಮಾತು ಕಂಡರೆ ರಾತ್ರಿಯಾದರೂ ಸರಿ, ತಕ್ಷಣ ಕೆಳಗಿಳಿಸಿ ಆಸ್ಪತ್ರೆಗೆ ಒಯ್ಯಿರಿ.

ಒಂದೇ ಟೆಂಟಿನಲ್ಲಿದ್ದ ಮೂರ್ನಾಲ್ಕು ಮಂದಿಗೆ ಒಟ್ಟಿಗೆ ತಲೆನೋವು ಬಂದು, ಹೊರಗೆ ಬಂದಾಗ ಕಡಿಮೆಯಾದರೆ ಅದು ಎತ್ತರದ ಕಾಟವಲ್ಲ, ಹೀಟರಿನ ಕಾರ್ಬನ್ ಮೊನಾಕ್ಸೈಡ್. ಎಲ್ಲರನ್ನೂ ಹೊರಗೆ ಎಳೆಯಿರಿ. ಟೆಂಟಿನೊಳಗೆ ಆ ವಿಷಾನಿಲ ಪತ್ತೆಹಚ್ಚುವ ಬ್ಯಾಟರಿಯ ಅಲಾರಂ ಇಡಿ, ಹೀಟರ್ ಹಚ್ಚಿಟ್ಟು ಮಲಗಬೇಡಿ.

ಕ್ಯಾಂಪಿನಲ್ಲಿ ಉಳಿಯುವ ಒಬ್ಬರು, ಅತ್ತಿಗೆಯಾಗಲಿ ಭಾವನಾಗಲಿ, ದಿನದ ಲೆಕ್ಕ ಇಟ್ಟುಕೊಳ್ಳಲಿ: ಯಾವ ಜೋಡಿ ಯಾವ ಗುಡ್ಡ, ಎಷ್ಟು ಗಂಟೆಗೆ ಸಂದೇಶ, ಬರದಿದ್ದರೆ ಎಷ್ಟು ಗಂಟೆಗೆ ಶೆರಿಫ್ ಕಚೇರಿಗೆ ಕರೆ. ಇದನ್ನು ಕಾಗದದ ಮೇಲೆ ಬರೆಯಿರಿ. ರೈಫಲ್ ಸೀಸನ್ನಿನಲ್ಲಿ ಬೇಟೆಗಾರರು ಸೊಂಟದ ಮೇಲೆ ಕನಿಷ್ಠ 500 ಚದರ ಇಂಚು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣ ತೊಡಬೇಕು, ತಲೆಗೂ ಅದೇ ಬಣ್ಣದ ಟೊಪ್ಪಿ ಬೇಕು. ಎಲೆ ಚಿತ್ತಾರದ ಕಿತ್ತಳೆ ಲೆಕ್ಕಕ್ಕಿಲ್ಲ. ಬೇಟೆಯಾಡದೆ ಜೊತೆಗೆ ನಡೆಯುವವರಿಗೂ, ಮಕ್ಕಳಿಗೂ ಅದನ್ನೇ ಹಾಕಿಸಿ.

ಹಂತ 6: ಗಾಳಿ ನೋಡಿ ನಡೆಯಿರಿ

ಸೆಪ್ಟೆಂಬರಿನಲ್ಲಿ ಕೂಗಿ ಊರಿಗೇ ಕೇಳಿಸುತ್ತಿದ್ದ ಗಂಡುಗಳು ಅಕ್ಟೋಬರ್ ಕೊನೆಗೆ ಬಾಯಿ ಮುಚ್ಚಿಕೊಂಡು ದಟ್ಟ ಕಾಡು ಸೇರಿರುತ್ತವೆ. ನಸುಕಿನಲ್ಲಿ ಹುಲ್ಲುಗಾವಲಿನ ಅಂಚು, ಹಗಲೆಲ್ಲ ಉತ್ತರಕ್ಕೆ ಮುಖ ಮಾಡಿದ ಇಳಿಜಾರಿನ ಕತ್ತಲ ಮರಗಳ ನಡುವೆ ಮಲಗು, ಸಂಜೆ ಮತ್ತೆ ಹುಲ್ಲು: ಅವುಗಳ ದಿನಚರಿ ಇಷ್ಟು. ಹಸಿ ಹಿಕ್ಕೆ, ತೊಗಟೆ ಕಿತ್ತ ಮರ, ಕುದುರೆಲಾಯದಂಥ ವಾಸನೆ ಸಿಕ್ಕರೆ ಅಲ್ಲಿಂದಾಚೆಗೆ ಹೆಜ್ಜೆಗೊಮ್ಮೆ ನಿಲ್ಲಿ.

ಎಲ್ಕ್ ಕಣ್ಣಿಗೆ ಕಂಡದ್ದನ್ನು ಒಮ್ಮೊಮ್ಮೆ ಬಿಟ್ಟುಬಿಡುತ್ತದೆ, ಮೂಗಿಗೆ ಬಡಿದದ್ದನ್ನು ಬಿಡುವುದಿಲ್ಲ. ಬೆಟ್ಟದಲ್ಲಿ ತಂಪಾದ ಗಾಳಿ ರಾತ್ರಿಯಿಡೀ ಕೆಳಗಿಳಿಯುತ್ತದೆ. ಬಿಸಿಲು ಇಳಿಜಾರಿಗೆ ತಗುಲಿದ ಮೇಲೆ ಅದೇ ಗಾಳಿ ಮೇಲಕ್ಕೇರುತ್ತದೆ. ಸಂಜೆ ನೆರಳು ಬಿದ್ದೊಡನೆ ಮತ್ತೆ ಇಳಿಯುತ್ತದೆ. ಆದ್ದರಿಂದ ನಸುಕಿನಲ್ಲಿ ಎಲ್ಕಿಗಿಂತ ಕೆಳಗೆ ಅಥವಾ ಪಕ್ಕದಲ್ಲಿರಿ, ಬಿಸಿಲೇರಿದ ಮೇಲೆ ಮೇಲಿನಿಂದ ಬನ್ನಿ. ಪುಟ್ಟ ಡಬ್ಬಿಯಲ್ಲಿ ಟಾಲ್ಕಮ್ ಪುಡಿ ಇಟ್ಟುಕೊಂಡು ಆಗಾಗ ಚಿಮುಕಿಸಿ ನೋಡಿ. ಪುಡಿ ನಿಮ್ಮಿಂದ ಅವುಗಳ ಕಡೆಗೆ ತೇಲಿದರೆ ವಾಪಸು ಬಂದು ಸುತ್ತು ಹಾಕುವುದೇ ಸರಿ. ನಾಲ್ವರೂ ಸಾಲಾಗಿ ಮಾತಾಡುತ್ತ ನಡೆಯುವುದು ಗುಂಪುಗಳ ದೊಡ್ಡ ತಪ್ಪು. ಇಬ್ಬಿಬ್ಬರಾಗಿ ಬೇರೆಬೇರೆ ಗುಡ್ಡಗಳಿಗೆ ಹೋಗಿ. ಒಂದು ಜೋಡಿ ಓಡಿಸುವುದು, ಇನ್ನೊಂದು ಎದುರಿಗೆ ನಿಂತು ಹೊಡೆಯುವುದು ಎಂಬ ಯೋಚನೆ ಮನುಷ್ಯರ ಪ್ರಾಣಕ್ಕೆ ಬರುತ್ತದೆ.

ಹಂತ 7: ಗುಂಡಿಗೆ ಮುಂಚೆ, ಗುಂಡಿನ ನಂತರ

ಹಾರಿಸುವ ಮೊದಲು ಇಷ್ಟನ್ನು ಮನಸ್ಸಿನಲ್ಲೇ ಕೇಳಿಕೊಳ್ಳಿ. ಅದು ಎಲ್ಕೇ, ಮೂಸ್ (ಅದೇ ಜಿಂಕೆ ಜಾತಿಯ ಇನ್ನೂ ದೊಡ್ಡ ಪ್ರಾಣಿ) ಅಲ್ಲ ತಾನೇ? ಇವೆರಡನ್ನು ಅದಲುಬದಲು ಮಾಡಿ ಸಿಕ್ಕಿಬಿದ್ದವರು ಕೊಲೊರಾಡೊದಲ್ಲಿ ಪ್ರತಿ ವರ್ಷ ಇರುತ್ತಾರೆ. ಗಂಡಾದರೆ ಕೊಂಬಿನ ನಿಯಮಕ್ಕೆ ಹೊಂದುತ್ತದೆಯೇ? ಬಹಳಷ್ಟು ಯೂನಿಟ್ಟುಗಳಲ್ಲಿ ಒಂದು ಕೊಂಬಿಗಾದರೂ ನಾಲ್ಕು ಕವಲು ಇರಬೇಕು, ಇಲ್ಲವೇ ಹುಬ್ಬಿನ ಹತ್ತಿರದ ಕವಲು 5 ಇಂಚು ಉದ್ದವಿರಬೇಕು. ಹಿಂದೆ ಗುಡ್ಡವಿದೆಯೋ ಬರೀ ಆಕಾಶವೋ? ಪಕ್ಕದಲ್ಲಿ ಇನ್ನೊಂದು ಎಲ್ಕ್ ನಿಂತಿದೆಯೇ? ಗೆರೆಯೊಳಗಿದ್ದೇವೆಯೇ? ಗಡಿಯಾರ ಎಷ್ಟು? ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ಅರ್ಧ ಗಂಟೆ ನಂತರದವರೆಗೆ ಮಾತ್ರ ಅವಕಾಶ. ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುವುದನ್ನು ಮರೆಯಬೇಡಿ.

ಪ್ರಾಣಿ ಪೂರ್ತಿ ಅಡ್ಡ ನಿಂತಾಗ, ಮುಂಗಾಲಿನ ಹಿಂಬದಿ, ಎದೆಯ ಕೆಳಗಿನ ಮೂರನೇ ಒಂದು ಭಾಗದ ಎತ್ತರಕ್ಕೆ ಗುರಿಯಿಡಿ. ಎದುರು ಬರುತ್ತಿದ್ದರೆ, ಬೆನ್ನು ಹಾಕಿ ಹೋಗುತ್ತಿದ್ದರೆ ಬೇಡ. ಎಲ್ಕ್ ಗಟ್ಟಿ ಜೀವ, ಶ್ವಾಸಕೋಶಕ್ಕೆ ಬಿದ್ದರೂ ಏನೂ ಆಗದಂತೆ ನಿಂತಿರುತ್ತದೆ. ನಿಂತಿರುವವರೆಗೆ ಮತ್ತೆ ಹೊಡೆಯಿರಿ.

ಓಡಿದರೆ ಹಿಂದೆ ಓಡಬೇಡಿ. ಅದು ನಿಂತಿದ್ದ ಜಾಗ, ಕೊನೆಗೆ ಕಂಡ ಮರ, ಎರಡನ್ನೂ ಗುರುತಿಟ್ಟು ಅರ್ಧ ಗಂಟೆ ಕೂರಿ. ರಕ್ತ ನೊರೆನೊರೆಯಾಗಿ ತಿಳಿಗೆಂಪಿದ್ದರೆ ಶ್ವಾಸಕೋಶಕ್ಕೆ ತಗುಲಿದೆ, ಜಾಡು ಹಿಡಿಯಬಹುದು. ಕಪ್ಪುಗೆಂಪಾಗಿದ್ದರೆ ಲಿವರ್, ಮೂರ್ನಾಲ್ಕು ಗಂಟೆ ಕಾಯಬೇಕು. ಹಸಿರು ಕಲೆ, ಸಗಣಿ ವಾಸನೆ ಇದ್ದರೆ ಹೊಟ್ಟೆಗೆ ಬಿದ್ದಿದೆ, ಆರು ಗಂಟೆಗೂ ಹೆಚ್ಚು ಬಿಡಬೇಕು. ಬೇಗ ಹೋಗಿ ಎಬ್ಬಿಸಿದರೆ ಅದು ಮೈಲಿಗಟ್ಟಲೆ ಹೋಗಿ ಎಲ್ಲೋ ನರಳಿ ಸಾಯುತ್ತದೆ. ಅದಕ್ಕೆ ಆ ನೋವು ಕೊಡುವ ಹಕ್ಕು ನಮಗಿಲ್ಲ. ಒಬ್ಬರು ಜಾಡಿನ ಮೇಲೆ, ಒಬ್ಬರು ಕೊನೆಯ ರಕ್ತದ ಗುರುತಿನ ಹತ್ತಿರ ನಿಂತೇ ಇರಲಿ.

ಹಂತ 8: ಬಿದ್ದ ಮೇಲೆ ಮೊದಲ ಹತ್ತು ನಿಮಿಷ

ಬೆನ್ನ ಕಡೆಯಿಂದ ಹತ್ತಿರ ಹೋಗಿ. ಉದ್ದ ಕೋಲಿನಿಂದ ಕಣ್ಣು ಮುಟ್ಟಿ ನೋಡಿ, ರೆಪ್ಪೆ ಮಿಟುಕಿದರೆ ಇನ್ನೊಂದು ಗುಂಡು ಬೇಕು. ರೈಫಲ್ ಖಾಲಿ ಮಾಡಿ ಬದಿಗಿಡಿ. ಹೊಡೆದವರು ತಮ್ಮ ಟ್ಯಾಗನ್ನು ಕೂಡಲೇ ಬಿಡಿಸಿ, ಸಹಿ ಮತ್ತು ದಿನಾಂಕ ಹಾಕಲಿ. ಜಾಗವನ್ನು ನಕ್ಷೆಯಲ್ಲಿ ಗುರುತಿಸಿ ಕ್ಯಾಂಪಿಗೂ ಇನ್ನೊಂದು ಜೋಡಿಗೂ ಸಂದೇಶ ಕಳಿಸಿ. ಫೋಟೊ ಐದು ನಿಮಿಷದಲ್ಲಿ ಮುಗಿಯಲಿ. ದಪ್ಪ ತುಪ್ಪಳದೊಳಗೆ ಶಾಖ ಕೂತಿದೆ, ಗಂಟೆ ಓಡುತ್ತಿದೆ.

ಹಂತ 9: ಹೊಟ್ಟೆ ಸೀಳದೆ ಮಾಂಸ ಬಿಡಿಸುವುದು

ಊರಿನಲ್ಲಿ ಕುರಿ ಕೊಯ್ದು ರೂಢಿ ಇರುವವರು ನೇತುಹಾಕಿ ಹೊಟ್ಟೆ ಸೀಳಲು ಹೊರಡುತ್ತಾರೆ. 300 ಕೆಜಿಯನ್ನು ಯಾರು ನೇತುಹಾಕುವುದು? ಹೊಟ್ಟೆ ಮುಟ್ಟದೆ, ಮಲಗಿಸಿದಲ್ಲೇ ಒಂದೊಂದು ಮಗ್ಗುಲಾಗಿ ಬಿಡಿಸುವ ಕ್ರಮವೇ ಇಲ್ಲಿ ಸರಿ. ಇಬ್ಬರು ಹೊಸಬರಿಗೆ ಮೂರು ಗಂಟೆ ಬೇಕು.

ಕೈಗವಸು ಹಾಕಿ. ಇಳಿಜಾರಾದರೆ ಮೇಲ್ಗಡೆಯ ಮರಕ್ಕೆ ಕಾಲು ಕಟ್ಟಿ, ಇಲ್ಲವಾದರೆ ಅರ್ಧ ಕೆಲಸದಲ್ಲಿ ಪ್ರಾಣಿ ಕೆಳಗೆ ಉರುಳುತ್ತದೆ. ಕತ್ತಿನಿಂದ ಬಾಲದವರೆಗೆ ಬೆನ್ನುಮೂಳೆಯ ಗುಂಟ ಚರ್ಮ ಸೀಳಿ. ಚಾಕುವಿನ ಅಲಗು ಒಳಗಿನಿಂದ ಹೊರಮುಖವಾಗಿರಲಿ, ಆಗ ಕೂದಲು ತುಂಡಾಗಿ ಮಾಂಸಕ್ಕೆ ಮೆತ್ತುವುದಿಲ್ಲ. ಬೆನ್ನಿನಿಂದ ಹೊಟ್ಟೆಯ ಕಡೆಗೆ ಚರ್ಮ ಸುಲಿದು ಹಾಸಿ, ಕೆಲಸ ಮಾಡಲು ಅದೇ ಚಾಪೆ.

ಮೊದಲು ಮುಂಗಾಲು. ಅದಕ್ಕೆ ಎದೆಗೂಡಿನ ಜೊತೆ ಮೂಳೆಯ ಕೀಲಿಲ್ಲ. ಒಬ್ಬರು ಕಾಲು ಎತ್ತಿ ಹಿಡಿದರೆ, ಇನ್ನೊಬ್ಬರು ಪಕ್ಕೆಲುಬಿಗೂ ಹೆಗಲಮೂಳೆಗೂ ನಡುವೆ ಚಾಕು ಆಡಿಸಿದರೆ ಬಂದುಬಿಡುತ್ತದೆ. ಆಮೇಲೆ ಹಿಂದೊಡೆ. ತೊಡೆಸಂದಿಯಿಂದ ಸೊಂಟದ ಮೂಳೆಗೆ ಒತ್ತಿಕೊಂಡು ಕೊಯ್ಯುತ್ತ ಹೋದರೆ ಗುಂಡಗಿನ ಕೀಲು ಸಿಗುತ್ತದೆ. ಅದರ ನರ ಕತ್ತರಿಸಿದರೆ ಕಾಲು ಸಡಿಲ. ಎಚ್ಚರ: ಗಂಡೋ ಹೆಣ್ಣೋ ಎಂದು ತೋರಿಸುವ ಅಂಗ ಒಂದು ತೊಡೆಗೆ ಸಹಜವಾಗಿ ಅಂಟಿಕೊಂಡೇ ಇರಬೇಕು. "ಅಸಹ್ಯ" ಎಂದು ಕಿತ್ತೆಸೆದು ದಂಡ ಕಟ್ಟಿದವರಿದ್ದಾರೆ.

ಬಳಿಕ ಬೆನ್ನುಮೂಳೆಯ ಗುಂಟ ಉದ್ದಕ್ಕೆ ಕೂತಿರುವ ಬೆನ್ನಮಾಂಸ, ಕತ್ತು, ಪಕ್ಕೆಲುಬಿನ ನಡುವಿನದು. ಕೊನೆಯ ಪಕ್ಕೆಲುಬಿನ ಹಿಂದೆ ಸಣ್ಣದಾಗಿ ಸೀಳಿ, ಹೊಟ್ಟೆಯನ್ನು ಅಂಗೈಯಿಂದ ಕೆಳಗೊತ್ತಿ, ಬೆನ್ನುಮೂಳೆಯ ಒಳಮಗ್ಗುಲಲ್ಲಿ ಬೆರಳಾಡಿಸಿದರೆ ಮೆತ್ತನೆಯ ಒಳಪಟ್ಟಿ ಸಿಗುತ್ತದೆ. ಇಲ್ಲಿ ಚಾಕುವಿಗಿಂತ ಬೆರಳು ಮೇಲು, ಜಠರ ತೂತಾದರೆ ಎಲ್ಲ ಹಾಳು. ಮಗುಚಿ ಹಾಕಿ ಇನ್ನೊಂದು ಮಗ್ಗುಲನ್ನೂ ಹೀಗೇ ಮಾಡಿ. ನಾಲ್ಕೂ ಕಾಲು, ಬೆನ್ನಮಾಂಸ, ಒಳಪಟ್ಟಿ ಬಿಟ್ಟುಬಂದರೆ ಕಾನೂನಿನ ಪ್ರಕಾರ ಅಪರಾಧ. ಬೆನ್ನುಹುರಿ, ಮಿದುಳನ್ನು ಕತ್ತರಿಸಬೇಡಿ, ಕಾರಣ ಕೊನೆಯ ಹಂತದಲ್ಲಿದೆ.

ಹಗಲಿನ ಬಿಸಿ 10 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ, ದಾರಿ ದೂರವಿದ್ದರೆ, ತೊಡೆಯನ್ನು ಮೂಳೆಯವರೆಗೆ ಸೀಳಿ ಮೂಳೆ ಬಿಡಿಸಿಬಿಡಿ. ಹೊರಗೆ ಹಿಮವಿದ್ದರೂ ತೊಡೆಯ ಮೂಳೆಯ ಸುತ್ತ ಶಾಖ ಗಂಟೆಗಟ್ಟಲೆ ಉಳಿಯುತ್ತದೆ, ಹುಳಿಯುವುದು ಅಲ್ಲಿಂದಲೇ. ಚೀಲಗಳನ್ನು ನೆಲಕ್ಕಿಡದೆ ನೆರಳಿನ ಕೊಂಬೆಗೆ ತೂಗುಹಾಕಿ. ಮುಟ್ಟಿದರೆ ಮೇಲ್ಮೈ ಒಣಗಿ ತಣ್ಣಗಿದ್ದರೆ ಸರಿಯಾಗಿದೆ. ಅಂಟಂಟಾಗಿದ್ದರೆ, ಬಿಸಿ ತಗುಲಿದರೆ, ಚೀಲದ ರಾಶಿ ಬಿಡಿಸಿ ಗಾಳಿಗೆ ಒಡ್ಡಿ. ಹೊಳೆಯ ನೀರಿನಲ್ಲಿ ತೊಳೆಯಬೇಡಿ.

ಹಂತ 10: ಹೊತ್ತು ತರುವುದು

ಅಲ್ಲೇ ಬಿಟ್ಟ ಹೊಟ್ಟೆ, ಮೂಳೆಯ ವಾಸನೆಗೆ ಕರಡಿ ಬರುತ್ತದೆ. ಉಳಿದ ಮಾಂಸವನ್ನು ಅಲ್ಲಿಂದ ನೂರು ಗಜ ದೂರದಲ್ಲಿ, ದೂರದಿಂದಲೇ ಕಾಣುವ ಜಾಗದಲ್ಲಿ ತೂಗುಹಾಕಿ ಹೋಗಿ. ವಾಪಸು ಬರುವಾಗ ಗಟ್ಟಿಯಾಗಿ ಮಾತಾಡುತ್ತ ಬನ್ನಿ, ಕರಡಿ ಹಿಡಿದು ಕೂತಿದ್ದರೆ ಬಿಟ್ಟುಕೊಡಿ.

ಮೊದಲ ಸುತ್ತಿಗೆ ಹಿಂದೊಡೆಗಳು, ಕೊಂಬು ಕೊನೆಗೆ. ಭಾರ ಹೆಗಲಿಗಲ್ಲ, ಸೊಂಟಕ್ಕೆ ಕೂರಬೇಕು. ಹೊರೆಯ ಮೇಲೂ ಕಿತ್ತಳೆ ಬಟ್ಟೆ ಕಟ್ಟಿ, ಮರಗಳ ನಡುವೆ ಕೊಂಬು ಅಲ್ಲಾಡಿದರೆ ಬೇರೆ ಬೇಟೆಗಾರನ ಕಣ್ಣಿಗೆ ನೀವೇ ಎಲ್ಕ್. ಕತ್ತಲಲ್ಲಿ ಒಬ್ಬರೇ ಹೊರುವುದು ಬೇಡ. ಚಳಿಗೆ ಮಾತು ತೊದಲಿ, ನಡುಕ ಹೆಚ್ಚಿ, "ನನಗೇನೂ ಆಗಿಲ್ಲ" ಎನ್ನುವವರನ್ನು ಕೂರಿಸಿ ಒಣಬಟ್ಟೆ ತೊಡಿಸಿ, ಬಿಸಿ ಕುಡಿಸಿ. ಆ ಹೊತ್ತಿನಲ್ಲಿ ಮಾಂಸ ಎರಡನೆಯ ಮಾತು.

ಹಂತ 11: ಪರೀಕ್ಷೆ, ಗುಡ್ಡೆ, ಅಡುಗೆಮನೆ

ಕೊಲೊರಾಡೊದ ಜಿಂಕೆ, ಎಲ್ಕುಗಳಲ್ಲಿ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ಮಿದುಳಿನ ರೋಗವಿದೆ. ಅದಕ್ಕೆ ಕಾರಣವಾದ ಪ್ರಿಯಾನ್ ಎಂಬ ಕೆಟ್ಟ ಪ್ರೋಟೀನು ಬೇಯಿಸಿದರೂ ನಾಶವಾಗುವುದಿಲ್ಲ. ತಲೆಯನ್ನು ಇಲಾಖೆಯ ಪರೀಕ್ಷಾ ಕೇಂದ್ರಕ್ಕೆ ಕೊಡಿ, ಕೆಲವು ಯೂನಿಟ್ಟುಗಳಲ್ಲಿ ಅದು ಕಡ್ಡಾಯವೂ ಹೌದು. ಫಲಿತಾಂಶ ಬರುವವರೆಗೆ ಒಂದೊಂದು ಪ್ರಾಣಿಯ ಮಾಂಸವನ್ನೂ ಬೇರೆಬೇರೆ ಹೆಸರು ಬರೆದು ಫ್ರೀಜರಿನಲ್ಲಿಡಿ. ಎರಡನ್ನು ಬೆರೆಸಿ ಕೀಮಾ ಮಾಡಿಬಿಟ್ಟರೆ, ಒಂದರಲ್ಲಿ ರೋಗ ಕಂಡಾಗ ಎರಡನ್ನೂ ಎಸೆಯಬೇಕು. ರೋಗವಿದ್ದದ್ದನ್ನು ತಿನ್ನಬಾರದು.

ಪಾಲು ಹಾಕುವ ಮಾತು ಹೊರಡುವ ಮೊದಲೇ ಆಗಿರಬೇಕು. ಹೊಸತೊಡಕಿಗೆ ಊರಿನಲ್ಲಿ ಹಾಕುವ ಗುಡ್ಡೆಬಾಡಿನ ಕ್ರಮವೇ ಚೆಂದ: ಎಲ್ಲ ಬಗೆಯದೂ ಸ್ವಲ್ಪ ಸ್ವಲ್ಪ ಸೇರಿಸಿ ಸಮ ಗುಡ್ಡೆ. ಹೊಡೆದವರಿಗೂ ಅಷ್ಟೇ, ಕ್ಯಾಂಪಿನಲ್ಲಿ ಅಡುಗೆ ಮಾಡಿ ಕಾದವರಿಗೂ ಅಷ್ಟೇ. ಪ್ರತಿ ಪಾಲಿನ ಜೊತೆ ಹೊಡೆದವರ ಹೆಸರು, ವಿಳಾಸ, ಫೋನು, ಪರವಾನಗಿ ಸಂಖ್ಯೆ, ದಿನಾಂಕ, ತೂಕ ಬರೆದ ಚೀಟಿ ಇರಲಿ. ಮಾರುವುದು ಅಪರಾಧ. ಕೊಂಬನ್ನು ಸೂಟ್‌ಕೇಸಿನಲ್ಲಿ ಊರಿಗೆ ಒಯ್ಯುವ ಯೋಚನೆಯೂ ಬೇಡ, ವನ್ಯಜೀವಿಯ ಅಂಗಾಂಗಗಳ ವಿಷಯದಲ್ಲಿ ಭಾರತದ ಕಾನೂನು ಬಿಗಿ.

ಎಲ್ಕಿನ ಕೊಬ್ಬು ಆರಿದ ಮೇಲೆ ಬಾಯಿಗೆ ಮೇಣದಂತೆ ಅಂಟುತ್ತದೆ, ಕೊಯ್ಯುವಾಗಲೇ ತೆಗೆದುಬಿಡಿ. ಮುಂಗಾಲು, ಕತ್ತು, ಮೊಣಕಾಲಿನ ಕೆಳಗಿನದು ಸಾರಿಗೆ, ಕುಕ್ಕರಿನಲ್ಲಿ ಕುರಿಮಾಂಸಕ್ಕಿಂತ ಹೆಚ್ಚು ಹೊತ್ತು. ಹಿಂದೊಡೆ ಚಾಪ್ಸಿಗೆ, ಕೀಮಾಕ್ಕೆ. ಬೆನ್ನಮಾಂಸವನ್ನೂ ಒಳಪಟ್ಟಿಯನ್ನೂ ಮಾತ್ರ ದಯವಿಟ್ಟು ಕುಕ್ಕರಿಗೆ ಹಾಕಬೇಡಿ, ಗಟ್ಟಿಯಾಗಿ ರುಚಿ ಕೆಡುತ್ತದೆ. ಉಪ್ಪು, ಕಾಳುಮೆಣಸು ಸವರಿ, ಚೆನ್ನಾಗಿ ಕಾದ ಕಬ್ಬಿಣದ ಬಾಣಲೆಯಲ್ಲಿ ತುಪ್ಪ ಹಾಕಿ ಎರಡೂ ಕಡೆ ಕೆಂಪಗೆ ಹುರಿದು, ಹತ್ತು ನಿಮಿಷ ಬಿಟ್ಟು ಅಡ್ಡಡ್ಡ ಹೆಚ್ಚಿ ಬಡಿಸಿ.